ತಂಗಿಯ 14 ಪುಟ, ನನ್ನ ಒಂದು ಮಾತು

ನೀಲಿಬಾಗಿಲು

ನನ್ನ ತಂಗಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗ್ತಾ ಬಂತು. ಒಂದಿಡೀ ವರದಿ ಅವಳೊಬ್ಬಳ ಕೈಗೆ ಬಂದದ್ದು ಇದೇ ಮೊದಲು. ಶನಿವಾರ, ಭಾನುವಾರ ಅಂತ ನೋಡದೆ ಮೂರು ವಾರ ಕೂತು 14 ಪುಟ ಬರೆದಳು. ಮೊನ್ನೆ ಸಂಜೆ ತಂಡದವರೆಲ್ಲ ನೋಡುವ ಕಡತಕ್ಕೆ ಹಾಕಿದಳು. ಒಂದು ಗಂಟೆಯೊಳಗೆ ಅವಳ ಮೇಲಿನವರು ಮೊದಲ ಪುಟದ ಪಕ್ಕದಲ್ಲೇ ಹೀಗೆ ಬರೆದರು: "ಇದು ವಿಶ್ಲೇಷಣೆ ಅಲ್ಲ, ಮಾಹಿತಿಯ ಗುಡ್ಡೆ. ನಾಲ್ಕು ಪುಟ ಓದಿದೆ, ನೀವು ಏನು ಹೇಳಹೊರಟಿದ್ದೀರಿ ಅಂತ ಗೊತ್ತಾಗಲಿಲ್ಲ. ಹೀಗೇ ಹೊರಗೆ ಕಳಿಸೋಕಾಗಲ್ಲ."

ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಕೋಣೆಗೆ ಬಂದಳು. ಎರಡು ಪುಟದ ಉತ್ತರ ರೆಡಿ. ಯಾರು ಯಾವ ದಿನ ಮಾಹಿತಿ ತಡವಾಗಿ ಕೊಟ್ಟರು, ಹೋದ ವರ್ಷ ಇನ್ಯಾರೋ ಬರೆದ ವರದಿ ಇದಕ್ಕಿಂತ ಎಷ್ಟು ಕಳಪೆ ಇತ್ತು, ಎಲ್ಲವೂ ಇದೆ. ಮೇಲಿನವರ ಮೇಲಿನವರಿಗೂ ಒಂದು ಪ್ರತಿ. "ಅಕ್ಕ, ಒಂದ್ಸಲ ನೋಡು, ಕಳಿಸ್ಬಿಡ್ತೀನಿ" ಅಂದಳು. ನಾನು ಎಂದಿನ ಹಾಗೆ, "ಅವರಿಗೇನು ಗೊತ್ತು ಬಿಡೇ, ನೀನು ಚೆನ್ನಾಗೇ ಬರೆದಿರ್ತೀಯ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದಳು. "ನೀನು ಓದಿದ್ಯಾ?"

ಓದಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದಳು.

ಚಿಕ್ಕವಳಿದ್ದಾಗಿಂದ ಅವಳ ಪರವಾಗಿ ಜಗಳಕ್ಕೆ ಹೋಗೋದು ನನಗೆ ರೂಢಿ. ಈ ಸಲ ಅದು ಕೈ ಕೊಟ್ಟಿತು. ಉತ್ತರ ಇನ್ನೂ ಕಳಿಸಿಲ್ಲ. ಇವತ್ತು ರಾತ್ರಿ ಮತ್ತೆ ಬರ್ತಾಳೆ ಅನ್ಸುತ್ತೆ. ಬಂದರೆ ನಾನು ಏನು ಹೇಳಲಿ, ಏನು ಹೇಳದೆ ಇರಲಿ?

ಖಡಕ್ ಮಾತು

ಕಳಿಸಲಿ ಬಿಡಿ. ಒಂದ್ಸಲ ತಗ್ಗಿದರೆ ತಲೆ ಮೇಲೆ ಕೂರ್ತಾರೆ. ಎಲ್ಲರೆದುರು ಬರೆದವರಿಗೆ ಎಲ್ಲರೆದುರೇ ಉತ್ತರ.

ಕೆಂಪು ಶಾಯಿ

ಬೇರೆಯವರ ಬರಹ ತಿದ್ದುವುದೇ ನನ್ನ ಕೆಲಸ. ಅಂದರೆ ದಿನಾ ಯಾರಿಗಾದರೂ ಇಂಥ ಟಿಪ್ಪಣಿ ಬರೆಯುವ ಪಾಪಿ ನಾನು. ಹಾಗಾಗಿ ಆ ಕಡೆಯಿಂದ ನೋಡಿ ಹೇಳ್ತೀನಿ.

ಮೊದಲು ಇವತ್ತಿನ ಕೆಲಸ. ಆ ಎರಡು ಪುಟ ಅಳಿಸಬೇಡಿ, ತಿದ್ದಲೂ ಬೇಡಿ. "ಯಾರಿಗೆ" ಅನ್ನುವ ಜಾಗ ಮಾತ್ರ ಖಾಲಿ ಮಾಡಿಸಿ. ಬರೆಯುವುದರಲ್ಲಿ ತಪ್ಪಿಲ್ಲ, ಕೈ ಜಾರಿ ಒತ್ತಿಬಿಟ್ಟರೆ ಮಾತ್ರ ಕಷ್ಟ.

ಆಮೇಲೆ ಆ ಟಿಪ್ಪಣಿ. ಅದರಲ್ಲಿ ಮೂರು ಮಾತಿವೆ, ಮೂರೂ ಬೇರೆ ಬೇರೆ ಜಾತಿಯವು. "ಮಾಹಿತಿಯ ಗುಡ್ಡೆ" ಅನ್ನೋದು ಉಪಮೆ. ಬರೆದವರು ಆ ಹೊತ್ತಿಗೆ ಸುಸ್ತಾಗಿದ್ದರು ಅಂತ ಅದು ಹೇಳುತ್ತೆ, ವರದಿ ಬಗ್ಗೆ ಹೆಚ್ಚೇನೂ ಹೇಳಲ್ಲ. "ಹೊರಗೆ ಕಳಿಸೋಕಾಗಲ್ಲ" ಅನ್ನೋದು ತೀರ್ಮಾನ, ಅದು ಅವರ ಅಧಿಕಾರ. ನಡುವೆ ಒಂದು ಮಾತಿದೆ ನೋಡಿ, "ನಾಲ್ಕು ಪುಟ ಓದಿದೆ, ಗೊತ್ತಾಗಲಿಲ್ಲ." ಇದು ಒಬ್ಬ ಓದುಗನಿಗೆ ಆದ ಅನುಭವ. ಇದರ ಜೊತೆ ವಾದ ಮಾಡೋಕಾಗಲ್ಲ. "ಇಲ್ಲ, ನಿಮಗೆ ಗೊತ್ತಾಯಿತು" ಅಂತ ಯಾರಾದರೂ ಹೇಳೋಕಾಗುತ್ತಾ? ಅದರಲ್ಲೂ ಓದು ಎಲ್ಲಿ ಮುರಿಯಿತು ಅನ್ನುವುದನ್ನು ಪುಟದ ಲೆಕ್ಕದಲ್ಲಿ ಹೇಳಿದ್ದಾರೆ. ನಾವು ಬರೆಯುವ ನೂರು ಟಿಪ್ಪಣಿಯಲ್ಲಿ ಇಷ್ಟು ಸ್ಪಷ್ಟವಾದದ್ದು ಹತ್ತೂ ಇರಲ್ಲ.

ಆದರೆ ಓದಿದವರ ಕಣ್ಣಿಗೆ ಬೀಳುವುದು ಗುಡ್ಡೆ ಮಾತ್ರ. ನಿಮ್ಮ ತಂಗಿಯ ಎರಡು ಪುಟವೂ ಗುಡ್ಡೆಗೇ ಉತ್ತರ ಅಂತ ನನ್ನ ಊಹೆ. ನೀವು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಅವಳ ಕಣ್ಣನ್ನು ನಡುವಿನ ಮಾತಿಗೆ ಎಳೆಯೋದು. ಇದನ್ನು ನೀವೇ ಬಾಯಿಬಿಟ್ಟು ಹೇಳಿದಿರೋ, ನೀವೂ ಅವರ ಕಡೆಯವರಾಗಿಬಿಡ್ತೀರಿ. ಆ ಟಿಪ್ಪಣಿಯನ್ನು ಅವಳೆದುರು ಒಂದು ಸಲ ಗಟ್ಟಿಯಾಗಿ, ದಿನಸಿ ಚೀಟಿ ಓದುವಷ್ಟು ಸಪ್ಪೆಯಾಗಿ ಓದಿ. ಅವಳ ತಲೆಯಲ್ಲಿ ಈಗ ಅದು ಅವರ ದನಿಯಲ್ಲಿ ಓಡ್ತಿದೆ, ಅದೂ ನಿಜಕ್ಕಿಂತ ಕಟುವಾಗಿ. ದನಿ ಬದಲಾದರೆ ಸಾಲುಗಳು ಬಿಡಿಬಿಡಿಯಾಗಿ ಕಾಣ್ತವೆ.

ಇನ್ನು, ಆ 14 ಪುಟ ಓದಿ ಮಾರಾಯ್ರೇ. ಓದದೆ ಹೊಗಳುವುದೂ ಓದದೆ ಬೈಯುವುದೂ ಒಂದೇ.

ಸುಮ್ನೆ ಓದುವವಳು

ಯಾವತ್ತೂ ಬರೆಯಲ್ಲ ಇಲ್ಲಿ. ಇದು ನೋಡಿ ಬರೀಬೇಕು ಅನ್ನಿಸ್ತು, ಯಾಕಂದ್ರೆ ನಾನು ತಂಗಿ ಜಾಗದಲ್ಲಿ ಇದ್ದವಳು.

ನನಗೆ ಹೀಗಾದಾಗ ಗಂಡ ಐದೇ ನಿಮಿಷದಲ್ಲಿ ಪರಿಹಾರ ಹೇಳಿ ಮುಗಿಸಿದರು. ಹೇಳಿದ್ದೆಲ್ಲ ಸರಿಯೇ ಇತ್ತು. ಅದೇ ತೊಂದರೆ. ಬೆಳಿಗ್ಗೆ ಒಬ್ಬರ ಎದುರು ದಡ್ಡಿ ಆಗಿದ್ದೆ, ಸಂಜೆ ಇಬ್ಬರ ಎದುರು ಆದೆ. "ನಿನ್ನ ಒಳ್ಳೇದಕ್ಕೇ ಹೇಳಿರೋದು" ಅನ್ನೋ ಮಾತಂತೂ ದಯವಿಟ್ಟು ಆಡಬೇಡಿ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅಳು ಬರ್ತಿತ್ತು.

"ನಿನಗೆ ನನ್ನಿಂದ ಏನು ಬೇಕು, ಕೇಳಿಸ್ಕೊಳ್ಳೋದಾ, ಸಲಹೆಯಾ?" ಅಂತ ಕೇಳಿ ಅಂತ ಎಲ್ರೂ ಹೇಳ್ತಾರೆ. ಕೇಳಬಹುದು. ಆದ್ರೆ ರಾತ್ರಿ ಹನ್ನೊಂದೂವರೆಗೆ ಅದಕ್ಕೆ ನನ್ನ ಹತ್ರ ಉತ್ತರ ಇರ್ತಿರಲಿಲ್ಲ.

ನನಗೆ ನಿಜಕ್ಕೂ ನೆರವಾದವಳು ನಾದಿನಿ. ಅವಳು ಮಾಡಿದ್ದು ನೆರವು ಅಂತ ಆಗ ಗೊತ್ತೇ ಆಗಲಿಲ್ಲ. ಪಕ್ಕದಲ್ಲಿ ಕೂತು ತನ್ನ ಹಳೇ ಕಚೇರಿಯಲ್ಲಿ ಒಬ್ಬರು ಅವಳ ಕಡತ ಪೂರ್ತಿ ವಾಪಸ್ ಕಳಿಸಿದ್ದ ಕಥೆ ಹೇಳಿದಳು. ನಗು ಬಂತು. ನನ್ನ ವಿಷಯ ಒಂದೂ ಎತ್ತಲಿಲ್ಲ. ಮಾರನೇ ದಿನ ನಾನೇ ಕೂತು ಸರಿಮಾಡಿದೆ.

ಮನೋಮಿತ್ರ

ಸುಮ್ನೆ ಓದುವವಳು ಅವರ ನಾದಿನಿ ಮಾಡಿದ್ದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರೇ ಇದೆ, ಕಾಣದ ನೆರವು. ನೈಲ್ ಬೋಲ್ಗರ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೇಲೆಯೇ. ವಕೀಲಿ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು ಇಬ್ಬರೂ ಪ್ರತಿದಿನ ಬೇರೆ ಬೇರೆಯಾಗಿ ಡೈರಿ ಬರೆದರು. ಸಂಗಾತಿ "ಇವತ್ತು ನೆರವಾದೆ" ಅಂತ ಬರೆದು, ಪರೀಕ್ಷೆಗೆ ಕೂರುವವರು "ಯಾರೂ ನೆರವಾಗಲಿಲ್ಲ" ಅಂತ ಬರೆದ ದಿನಗಳೇ ಮನಸ್ಸಿಗೆ ಹಿತವಾಗಿದ್ದವು. ನೆರವು ಪಡೆದೆ ಅನ್ನುವ ಅರಿವಿಗೂ ಒಂದು ಬೆಲೆ ಇದೆ, ನನ್ನಿಂದಾಗಲಿಲ್ಲ ಅನ್ನುವ ಭಾವ ಅದರ ಹಿಂದೆಯೇ ಬರುತ್ತೆ.

ಖಡಕ್ ಮಾತು ಅವರಂತೆ "ಸಿಟ್ಟು ಹೊರಗೆ ಹಾಕಿಬಿಡಲಿ, ತಣ್ಣಗಾಗುತ್ತೆ" ಅಂತ ನಂಬುವವರು ತುಂಬ ಜನ. ಬ್ರಾಡ್ ಬುಷ್‌ಮನ್ 2002ರಲ್ಲಿ ಇದನ್ನೇ ಪರೀಕ್ಷಿಸಿದರು. ಭಾಗವಹಿಸಿದವರ ಬರಹವನ್ನು ಬೇಕೆಂದೇ ಕೆಟ್ಟದಾಗಿ ಟೀಕಿಸಿ ಕೆರಳಿಸಿದರು. ಆಮೇಲೆ ಕೆಲವರಿಗೆ, ಟೀಕಿಸಿದವರನ್ನು ನೆನೆದು ಗುದ್ದುಚೀಲಕ್ಕೆ ಗುದ್ದಿ ಅಂದರು, ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರ ಸಿಟ್ಟೇ ಹೆಚ್ಚಿತ್ತು.

ಅಕ್ಕನಾಗಿ ನೀವು ಹುಷಾರಾಗಿರಬೇಕಾದ ಇನ್ನೊಂದು ವಿಷಯ. ಇಬ್ಬರು ಆಪ್ತರು ಒಂದೇ ನೋವನ್ನು ಮತ್ತೆ ಮತ್ತೆ ಕೆದಕಿ ಮಾತಾಡುವುದನ್ನು ಅಮಾಂಡಾ ರೋಸ್ 2002ರಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಮಕ್ಕಳು, ಹದಿಹರೆಯದವರಲ್ಲಿ ಅವರು ಕಂಡದ್ದು ಇದು: ಹೀಗೆ ಮಾತಾಡುವವರ ಸ್ನೇಹ ಗಟ್ಟಿಯಾಗಿರುತ್ತೆ, ಜೊತೆಗೇ ಆತಂಕ, ಖಿನ್ನತೆಯೂ ಹೆಚ್ಚಿರುತ್ತೆ. ಅದಕ್ಕೇ ಇದು ಕಪಟಿ. ಎಷ್ಟು ಹತ್ತಿರ ಆದೆವು ಅನ್ನಿಸುತ್ತೆ, ಎದ್ದು ಹೋಗುವಾಗ ಎದೆ ಮಾತ್ರ ಇನ್ನಷ್ಟು ಭಾರ. ನನ್ನ ಬಳಿ ಬರುವವರಲ್ಲಿ ನಾನು ಗಮನಿಸುವ ಗುರುತು ಸರಳ. ಅದೇ ಕಥೆ ಮೂರನೇ ಸಲ ಬಂದು ಅದರಲ್ಲಿ ಹೊಸ ವಿವರ ಒಂದೂ ಇಲ್ಲದಿದ್ದರೆ, ಕೇಳುವುದು ಮುಗಿಯಿತು, ಕೆದಕುವುದು ಶುರುವಾಯಿತು. ಆಗ "ಇದರಲ್ಲಿ ನಿನಗೆ ಜಾಸ್ತಿ ಚುಚ್ಚಿದ್ದು ಯಾವ ಮಾತು?" ಅಂತ ಕೇಳಿ. ಉತ್ತರ ಬಂದ ಮೇಲೆ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ.

ಮಳೆಬಿಲ್ಲು

"ಎಲ್ಲರೂ ನೋಡಿಬಿಟ್ರು" ಅನ್ನೋದು ಅವಳ ತಲೆ ಕೊರೀತಿದ್ರೆ ಒಂದು ಟೀ ಶರ್ಟ್ ಕಥೆ ಹೇಳಿ. ಥಾಮಸ್ ಗಿಲೋವಿಚ್ ಅನ್ನೋರು ವಿದ್ಯಾರ್ಥಿಗಳಿಗೆ ಮುಜುಗರ ಆಗೋಂಥ ಗಾಯಕನ ಚಿತ್ರ ಇದ್ದ ಟೀ ಶರ್ಟ್ ಹಾಕಿಸಿ ಬೇರೆಯವರಿದ್ದ ಕೋಣೆಗೆ ಕಳಿಸಿದ್ರು. ಹಾಕ್ಕೊಂಡವರು, ಹತ್ತಿರ ಹತ್ತಿರ ಅರ್ಧದಷ್ಟು ಜನ ಗುರುತಿಸ್ತಾರೆ ಅಂದ್ಕೊಂಡಿದ್ರು. ಗುರುತಿಸಿದವರು ಕಾಲು ಭಾಗಕ್ಕೂ ಸ್ವಲ್ಪ ಕಮ್ಮಿ. 2000ನೇ ಇಸವಿ ಸಂಶೋಧನೆ ಇದು. ಉಳಿದವರಿಗೆ ಅವರವರ ಟೀ ಶರ್ಟ್ ಚಿಂತೆ ಇತ್ತು ಅನ್ಸುತ್ತೆ.

ಹಳೇ ಮೇಷ್ಟ್ರು

ಮಗೂ ನೀಲಿಬಾಗಿಲು, ಮೂವತ್ತು ವರ್ಷಕ್ಕೂ ಮೇಲೆ ಉತ್ತರಪತ್ರಿಕೆ ತಿದ್ದಿದವನು ನಾನು. ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಒಬ್ಬ ಹುಡುಗನ ಪುಸ್ತಕದ ಅಂಚಿನಲ್ಲಿ "ನಿನಗೆ ಗಮನವಿಲ್ಲ" ಎಂದು ಪದೇ ಪದೇ ಬರೆಯುತ್ತಿದ್ದೆ. ವರ್ಷದ ಕೊನೆಗೆ ಅವನ ಲೆಕ್ಕ ಸುಧಾರಿಸಲಿಲ್ಲ, ಗಮನವಿಲ್ಲದವನು ತಾನು ಎಂಬುದು ಮಾತ್ರ ಅವನಿಗೆ ಬಾಯಿಪಾಠವಾಗಿತ್ತು. "ಮೂರನೆಯ ಸಾಲಿನಲ್ಲಿ ಋಣಚಿಹ್ನೆ ಬಿಟ್ಟುಹೋಗಿದೆ" ಎಂದು ಬರೆದಿದ್ದರೆ ಸಾಕಿತ್ತು.

ಬಹಳ ಕಾಲದ ನಂತರ ಕ್ಲೂಗರ್ ಮತ್ತು ಡಿನೀಸಿ ಎಂಬಿಬ್ಬರ 1996ರ ಪ್ರಬಂಧ ಓದಿದೆ. ಹಿಮ್ಮಾಹಿತಿ ಕೊಡುವುದರ ಬಗ್ಗೆ ಅಲ್ಲಿಯವರೆಗೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ, 607 ಫಲಿತಾಂಶಗಳನ್ನು ಅಳೆದಿದ್ದಾರೆ. ಸರಾಸರಿಯಲ್ಲಿ ಲಾಭವೇ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ, ಹೇಳಿದ ಮೇಲೆ ಕೆಲಸ ಇನ್ನೂ ಕೆಟ್ಟಿದೆ. ಕೇಳಿದವರ ಗಮನ ಕೆಲಸ ಬಿಟ್ಟು "ನಾನು ಎಂಥವನು" ಎಂಬ ಕಡೆಗೆ ತಿರುಗಿದಷ್ಟೂ ಪರಿಣಾಮ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಹೊಗಳಿಕೆಗೂ ಇದು ಅನ್ವಯ. ನೀನು "ನೀನು ಚೆನ್ನಾಗೇ ಬರೆದಿರ್ತೀಯ" ಎಂದೆಯಲ್ಲ, ಅದೂ ಅವಳ ಬಗ್ಗೆ ಆಡಿದ ಮಾತೇ. ಪುಟದ ಬಗ್ಗೆ ಅಲ್ಲ. ಅವಳು "ಓದಿದ್ಯಾ?" ಎಂದು ಕೇಳಿದ್ದು ಅದಕ್ಕೇ ಇರಬೇಕು. ಜಾಣ ಹುಡುಗಿ.

ಖಡಕ್ ಮಾತು

ಎಲ್ಲ ಸರಿ ಸ್ವಾಮಿ. ಆದ್ರೆ ಅವರು ಬಹಿರಂಗವಾಗಿ ಬರೆದದ್ದನ್ನ ಯಾರೂ ಎತ್ತುತ್ತಲೇ ಇಲ್ಲ. ಹೊಸಬಳ ಮೊದಲ ವರದಿಗೆ, ತಂಡದ ಎದುರು, ಗುಡ್ಡೆ ಅಂತ ಬರೀತಾರೆ, ನೀವೆಲ್ಲ ಅದರಲ್ಲಿ ರತ್ನ ಹುಡುಕ್ತಾ ಕೂತಿದ್ದೀರಿ. ಪೆಟ್ಟು ತಿಂದವಳೇ ಪಾಠ ಕಲೀಬೇಕು, ಹೊಡೆದವರಿಗೆ ಏನೂ ಇಲ್ವಾ?

ಕೆಂಪು ಶಾಯಿ

ಒಪ್ಪಿದೆ. ಈ ವಿಷಯದಲ್ಲಿ ನಾನು ಖಡಕ್ ಅವರ ಕಡೆ.

ಹೇಳಿದ್ದು ಒಂದು, ಹೇಳಿದ ರೀತಿ ಇನ್ನೊಂದು. ಎರಡಕ್ಕೂ ಉತ್ತರ ಬೇಕು, ಆದರೆ ಒಂದೇ ಕಾಗದದಲ್ಲಿ ಅಲ್ಲ. ಸೇರಿಸಿದರೆ ಎದುರಿನವರು ತಮಗೆ ಸುಲಭವಾದದ್ದನ್ನು ಆರಿಸಿಕೊಂಡು "ಟೀಕೆ ತಗೊಳ್ಳೋಕೆ ಬರಲ್ಲ ಈಕೆಗೆ" ಅಂತ ಮುಗಿಸ್ತಾರೆ. ಮೊದಲು ವರದಿ ಬಗ್ಗೆ ಬರವಣಿಗೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಕೆಲಸ ಸರಿಹೋದ ಮೇಲೆ ರೀತಿಯ ಬಗ್ಗೆ ಬಾಯಿಮಾತಲ್ಲಿ, ಅವರೊಬ್ಬರ ಹತ್ತಿರ.

ಟಿಪ್ಪಣಿ ಅವಳ ಮೈಬಣ್ಣ, ಉಚ್ಚಾರ, ಹೆಣ್ಣು ಅನ್ನುವುದರ ಬಗ್ಗೆ ಇದ್ದಿದ್ದರೆ ನಾನು ಇದ್ಯಾವುದನ್ನೂ ಹೇಳ್ತಿರಲಿಲ್ಲ. ಅದು ಟೀಕೆಯೇ ಅಲ್ಲ. ತಾರೀಖು ಬರೆದಿಟ್ಟು, ಪ್ರತಿ ಉಳಿಸಿಕೊಂಡು, ದೂರು ಕೊಡಬೇಕಾದ ಕಡೆ ಕೊಡೋದು.

ನೀಲಿಬಾಗಿಲು

ಎಲ್ಲರಿಗೂ ಥ್ಯಾಂಕ್ಸ್. ನಡೆದದ್ದು ಹೇಳ್ತೀನಿ.

ನಿನ್ನೆ ಮಧ್ಯಾಹ್ನ 14 ಪುಟ ಓದಿದೆ. ನಿಜ ಹೇಳಲಾ, ನಾಲ್ಕನೇ ಪುಟಕ್ಕೆ ನಾನೂ ನಿಂತೆ. ಕೋಷ್ಟಕದ ಮೇಲೆ ಕೋಷ್ಟಕ. ಒಂಬತ್ತನೇ ಪುಟದ ಮಧ್ಯದಲ್ಲಿ ಒಂದು ಪ್ಯಾರಾ ಇದೆ, ಏನಾಗಿದೆ, ಯಾಕಾಗಿದೆ, ಈಗೇನು ಮಾಡಬೇಕು ಅಂತ. ಎಷ್ಟು ಚೆನ್ನಾಗಿದೆ ಅಂದ್ರೆ ಎರಡು ಸಲ ಓದಿದೆ. ಅಲ್ಲಿ ಯಾಕೆ ಬಚ್ಚಿಟ್ಟಿದ್ದಾಳೋ.

ರಾತ್ರಿ ಬಂದಳು. ಮೊದಲೇ "ಇವತ್ತು ಓದಿದೆ" ಅಂದೆ. ಏನೂ ಅನ್ನಲಿಲ್ಲ, ಮಂಚದ ತುದಿಯಲ್ಲಿ ಕೂತಳು. ಟಿಪ್ಪಣಿ ಗಟ್ಟಿಯಾಗಿ ಓದಲಾ ಅಂತ ಕೇಳಿ ಓದಿದೆ. ನನ್ನ ದನಿ ಸಪ್ಪೆ ಮಾಡೋಕೆ ಹೋಗಿ ರೈಲು ಬರುವ ಘೋಷಣೆ ಥರ ಆಯ್ತು. ಅವಳಿಗೆ ನಗು ಬಂತು. ಚುಚ್ಚಿದ್ದು ಯಾವ ಮಾತು ಅಂದೆ. "ಗುಡ್ಡೆ" ಅಂದಳು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಮನೋಮಿತ್ರ ಅವರೇ, ಎಷ್ಟು ಕಷ್ಟ ಅದು! "ಆದ್ರೆ ಒಂಬತ್ತನೇ ಪುಟದಲ್ಲಿ..." ಅನ್ನೋದು ನಾಲಿಗೆ ತುದಿಯಲ್ಲಿ ಕುಣೀತಿತ್ತು.

ತುಂಬ ಹೊತ್ತಾದ ಮೇಲೆ ಅವಳೇ ಕೇಳಿದಳು, "ಅಕ್ಕ, ನೀನು ಎಲ್ಲಿ ತನಕ ಓದಿದ ಮೇಲೆ ಅರ್ಥ ಆಯ್ತು?" ಹೇಳಿದೆ. "ಹ್ಮ್" ಅಂದಳು. ಇವತ್ತು ಬೆಳಿಗ್ಗೆ ಅವಳು ಬರೆದ ಉತ್ತರ ಇದು, ಅವಳನ್ನು ಕೇಳಿಯೇ ಹಾಕ್ತಿದ್ದೀನಿ:

"ನಮಸ್ತೆ ಸರ್. ಕ್ಷಮಿಸಿ, ನಿಮ್ಮ ಸಮಯ ಹಾಳಾಯಿತು. ಮುಖ್ಯ ವಿಷಯ ಮೊದಲ ನಾಲ್ಕು ಪುಟದಲ್ಲಿ ಸಿಗುವುದಿಲ್ಲ ಅನ್ನುವುದು ನಿಜ, ಕ್ಷಮಿಸಿ, ಅದು ಒಂಬತ್ತನೇ ಪುಟದಲ್ಲಿದೆ. ಮೊದಲ ಪುಟಕ್ಕೆ ತರುತ್ತೇನೆ. ಕೋಷ್ಟಕಗಳನ್ನು ಪೂರ್ತಿ ತೆಗೆಯುವುದು ಬೇಡ ಎಂದು ನನ್ನ ಅಭಿಪ್ರಾಯ, ಕ್ಷಮಿಸಿ, ಯಾಕೆಂದರೆ ತೀರ್ಮಾನಕ್ಕೆ ಆಧಾರ ಅವೇ. ಅನುಬಂಧಕ್ಕೆ ಹಾಕಬಹುದೇ? ಗುರುವಾರ ಸಂಜೆಯೊಳಗೆ ಹೊಸ ಪ್ರತಿ ಕಳಿಸುತ್ತೇನೆ."

ನನಗೆ ತಿದ್ದೋಕೆ ಕೈ ತುರಿಸ್ತಿದೆ.

ಕೆಂಪು ಶಾಯಿ

ತಿದ್ದಬೇಡಿ. ಕ್ಷಮಿಸಿ ಎಷ್ಟು ಸಲ ಬಂದಿದೆ ಎಣಿಸು ಅಂತ ಮಾತ್ರ ಹೇಳಿ. ಉಳಿದದ್ದು ಬಲು ಚೊಕ್ಕವಾಗಿದೆ. ಏನು ಒಪ್ಪಿದೆ, ಏನು ಒಪ್ಪಿಲ್ಲ, ಯಾಕೆ, ಯಾವಾಗ ಕೊಡ್ತೀನಿ, ಎಲ್ಲ ಇದೆ. ಮೂರನೇ "ಕ್ಷಮಿಸಿ" ಅಂತೂ ಹೋಗಲೇಬೇಕು. ಭಿನ್ನಾಭಿಪ್ರಾಯಕ್ಕೆ ಯಾಕೆ ಕ್ಷಮೆ?

ಖಡಕ್ ಮಾತು

ಮೂರೂ ಹೋಗಬೇಕು. ಯಾರ ಸಮಯ ಯಾರು ಹಾಳು ಮಾಡಿದ್ದು? ಓದೋದು ಅವರ ಕೆಲಸ.

ಅರ್ಧಕಪ್ಪು

ಕೆಲಸಕ್ಕೆ ಹೋಗುವ ಹುಡುಗಿ, ಎರಡು ವರ್ಷ ಅನುಭವ. ಒಂದು ಇಮೇಲ್‌ಗೆ ಇಷ್ಟು ಜನರ ಪಂಚಾಯ್ತಿ ಬೇಕಾ? ಹೀಗೆ ಕೈ ಹಿಡಿದು ನಡೆಸಿದರೆ ಮುಂದಿನ ಸಲವೂ ಅಕ್ಕನ ಕೋಣೆಗೇ ಬರ್ತಾಳೆ.

ಹಳೇ ಮೇಷ್ಟ್ರು

ಬರಲಿ ಬಿಡಿ. ಬರೆದವಳು ಅವಳೇ ತಾನೇ. ಅಕ್ಕ ಹೇಳಿದ್ದು ಒಂದು ಪುಟದ ಸಂಖ್ಯೆ ಮಾತ್ರ.

ಸುಮ್ನೆ ಓದುವವಳು

ಅರ್ಧಕಪ್ಪು ಹೇಳೋದು ಪೂರ್ತಿ ತಪ್ಪಲ್ಲ. ಪಂಚಾಯ್ತಿ ಮಾಡ್ತಿರೋದು ನಾವು, ಅವಳು ಕೇಳಿಲ್ಲ. ಇಮೇಲ್ ಹೋದ ಮೇಲೆ ನಾವೂ ನಿಲ್ಲಿಸೋಣ.

ನೀಲಿಬಾಗಿಲು

ಕೊನೇ ಸುದ್ದಿ ಹೇಳಿ ನಿಲ್ಲಿಸ್ತೀನಿ.

ಎಣಿಸು ಅಂದೆ. ಎರಡು ತೆಗೆದಳು, ಮೊದಲನೆಯದು ಇಟ್ಟುಕೊಂಡಳು. "ಅದು ನನಗೆ ಬೇಕು" ಅಂದಳು. ಸರಿ ಅಂದೆ. ಅವರಿಂದ ಬಂದ ಉತ್ತರ ಇಷ್ಟೇ, "ಸರಿ. ಅನುಬಂಧ ಓಕೆ." ಹೊಗಳಿಕೆ ಏನಿಲ್ಲ. ಗುರುವಾರ ಕಳಿಸಿದಳು, ಎರಡು ಸಣ್ಣ ತಿದ್ದುಪಡಿ ಆಗಿ ಶುಕ್ರವಾರ ವರದಿ ಹೊರಗೆ ಹೋಯ್ತು.

ಬಹಿರಂಗ ಟಿಪ್ಪಣಿ ವಿಷಯ ಸೋಮವಾರ ಅವಳೇ ಎತ್ತಿದ್ದಾಳೆ, ನನಗೆ ಹೇಳದೆ. "ಇಂಥದ್ದಿದ್ದರೆ ಮುಂದಿನ ಸಲ ಮೊದಲು ನನಗೊಬ್ಬಳಿಗೆ ಹೇಳ್ತೀರಾ ಸರ್?" ಅಂತ ಕೇಳಿದಳಂತೆ. ಅವರು "ನೋಡೋಣ" ಅಂದರಂತೆ. ಖಡಕ್ ಅವರಿಗೆ ಇದು ಸಾಲದು ಅಂತ ಗೊತ್ತು. ನನಗೂ ಸಾಲದು. ಅವಳಿಗೆ ಕೇಳಿದ್ದೇ ಸಮಾಧಾನ ಆಗಿದೆ.

ಆಮೇಲೆ ಇದನ್ನೆಲ್ಲ ಅವಳಿಗೆ ತೋರಿಸಿದೆ. ಮೇಲಿಂದ ಕೆಳಗಿನವರೆಗೂ ಓದಿದಳು. ಮೇಷ್ಟ್ರು ಜಾಣ ಹುಡುಗಿ ಅಂದಲ್ಲಿ ಸ್ವಲ್ಪ ನಿಂತಳು. ಮುಗಿಸಿ ಹೇಳಿದ್ದು: "ಶೀರ್ಷಿಕೆ ನೋಡಿದ್ರೆ ಕಥೆ ಅನ್ಸುತ್ತೆ ಅಕ್ಕ. ನಿನ್ನ ಮೊದಲ ಬರಹ ಅರ್ಧ ಓದಿದೆ, ನೀನು ಏನು ಕೇಳ್ತಿದ್ದೀಯ ಗೊತ್ತಾಗಲಿಲ್ಲ. ಪ್ರಶ್ನೆ ಕೊನೇ ಸಾಲಲ್ಲಿದೆ."

"ಹಾಗಲ್ಲ ಕಣೇ, ಹಿನ್ನೆಲೆ ಹೇಳದೆ ಹೇಗೆ..." ಅಂತ ಶುರು ಮಾಡಿದೆ. ಅವಳು ಏನೂ ಮಾತಾಡದೆ ಸುಮ್ಮನೆ ನನ್ನನ್ನೇ ನೋಡ್ತಾ ಕೂತಿದ್ದಳು.